ಅಪ್ಪನ ಎರಡು ಸೆಟ್ಟು

ಶನಿವಾರ ಸಂಜೆ ಅಪ್ಪನ ಫೋನ್ ಬಂತು. “ಪಂಪ್‌ಸೆಟ್ಟು ಇನ್ನೂ ಸೆಟ್ ಆಜಿಲ್ಲೆ.”

ಶಿರಸಿಯಿಂದ ರಿಪೇರಿಯವ ಬಂದು ಫುಟ್‌ವಾಲ್ವ್ ಬದಲಿಸಿ ಹೋಗಿದ್ದಾನೆ. ಆದರೂ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆಯಂತೆ, ನೀರು ಮೇಲೆ ಬರುತ್ತಿಲ್ಲ. ಅಪ್ಪನಿಗೆ ಅಡಿಕೆ ಸಸಿಗಳ ಚಿಂತೆ. ಕಾರವಾರದ ಬಾಡಿಗೆ ರೂಮಿನಲ್ಲಿ ಕೂತ ನನಗೆ ಮಾತ್ರ ಆ ವಾಕ್ಯದ ಚಿಂತೆ ಹತ್ತಿತು. ಒಂದೇ ಉಸಿರಿನಲ್ಲಿ ಎರಡು ಸೆಟ್ಟು!

ನಮ್ಮ ಮನೆಯಲ್ಲಿ ಇಂಗ್ಲಿಷ್ ಬಾರದವರೂ ದಿನಕ್ಕೆ ಹತ್ತು ಸಲ ಹೇಳುವ ಶಬ್ದ ಇದು. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ಇದಕ್ಕೆ ಸುಮಾರು 430 ಅರ್ಥಗಳಿದ್ದವು. ಆಮೇಲೆ ‘ರನ್’ 645 ಅರ್ಥ ಹೊತ್ತು ಮುಂದೆ ಓಡಿತು, ಅದು ಬೇರೆ ಮಾತು.

ನನಗೆ ಖುಷಿ ಕೊಟ್ಟದ್ದು ಲೆಕ್ಕ ಅಲ್ಲ. ಅಪ್ಪನ ಎರಡು ಸೆಟ್ಟುಗಳ ಬೇರೇ ಬೇರೆ. ಪಂಪು, ಮೋಟಾರು ಸೇರಿದರೆ ಒಂದು ಸೆಟ್ಟು. ಸೆಟ್ ದೋಸೆಯದ್ದೂ ಇದೇ ಜಾತಿ. ಇದು ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಫ್ರೆಂಚ್ ದಾಟಿ ಬಂದದ್ದು. ಹಿಂಬಾಲಿಸುವವರ ಗುಂಪು, ಪಂಥ ಅಂತ ಅರ್ಥ. ಅಂದರೆ ನಮ್ಮ ಪಂಪೂ ಮೋಟಾರೂ ಒಂದೇ ಮಠದ ಶಿಷ್ಯರು! ಎರಡನೇ ಸೆಟ್ಟು ಅಪ್ಪಟ ಹಳೆ ಇಂಗ್ಲಿಷಿನದು. ಅದರ ಮೂಲ ಅರ್ಥ ‘ಕೂರಿಸು’.

ಕೂರಿಸು ಅಂದಕೂಡಲೇ ನನಗೆ ಎಲ್ಲ ನಮ್ಮದೇ ಅನ್ನಿಸಿತು. ನಾವೂ ಪಂಪು ಕೂರಿಸುತ್ತೇವೆ. ಉಂಗುರಕ್ಕೆ ಹರಳು ಕೂರಿಸುತ್ತೇವೆ. ಅಂಗಿ ಮೈಗೆ ಸರಿಯಾಗಿ ಕೂತರೆ ದರ್ಜಿಗೆ ಶಭಾಸ್ ಅನ್ನುತ್ತೇವೆ. ಸೂರ್ಯ ಮಾತ್ರ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಅವನು ‘ಸೆಟ್’ ಆಗುತ್ತಾನೆ, ಕೂತುಕೊಳ್ಳುತ್ತಾನೆ. ನಮ್ಮಲ್ಲಿ ಹೊತ್ತು ಕಂತುತ್ತದೆ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಒಂದು ಸಂಜೆ ನಿಂತು ನೋಡಿ. ಅವನು ಕೂರುವುದಿಲ್ಲ, ಕಂತುವುದೇ. ಈ ವಿಷಯದಲ್ಲಿ ನಾನು ಕನ್ನಡದ ಕಡೆ.

ಮೊಸರಿನ ಮಾತು ಇನ್ನೊಂದು. ನಾವು ಹೆಪ್ಪು ಹಾಕುತ್ತೇವೆ, ಮೊಸರು ಆಗುತ್ತದೆ, ಅಷ್ಟೇ. ಈಗ ರೂಮ್‌ಮೇಟ್ ದಿನಾ ಬೆಳಿಗ್ಗೆ ಪಾತ್ರೆ ಅಲ್ಲಾಡಿಸಿ “ಸೆಟ್ ಆಯ್ತು” ಅನ್ನುತ್ತಾನೆ. ಅಲ್ಲಾಡಿಸಬೇಡ ಅಂದರೆ ಕೇಳುವುದಿಲ್ಲ. ಇಲ್ಲಿನ ಸೆಕೆಗೆ ಬೇಗ ಹುಳಿಯೂ ಆಗುತ್ತದೆ. ಚಳಿಗಾಲದಲ್ಲಿ ಊರಿನಲ್ಲಿ ಪಾತ್ರೆಯನ್ನು ಒಲೆ ಪಕ್ಕ ಇಡಬೇಕು.

ನಿನ್ನೆ ಮತ್ತೆ ಫೋನ್ ಬಂತು. ಪಂಪು ನೀರು ಎತ್ತಿದೆ. ಆಮೇಲೆ ಆಯಿ ಫೋನ್ ತಗೊಂಡು ದನಿ ಸಣ್ಣ ಮಾಡಿದಳು.

“ಮಾಣಿ, ನಿಂಗೆ ಎಂತಾರೂ ಸೆಟ್ ಆತಾ?”

ಈ ಸೆಟ್ಟು ಯಾವುದು ಅಂತ ಹೇಳಲು ನಿಘಂಟು ಬೇಡ.

“ಮೊಸರು ಆತು, ಆಯಿ,” ಅಂದೆ.

ಫೋನ್ ವಾಪಸ್ ಅಪ್ಪನ ಕೈಗೆ ಹೋಯಿತು.