ಐಚ್ಛಿಕ ಡಿಪೆಂಡೆನ್ಸಿ: ಇನ್‌ಸ್ಟಾಲರ್ ಎಷ್ಟು ಮಾಡಬೇಕು, ಎಷ್ಟು ಬಿಡಬೇಕು

ಪ್ರೋಗ್ರಾಂ ಒಂದು ಕೆಲವು ಕೆಲಸಗಳಿಗೆ ನೆಚ್ಚಿಕೊಳ್ಳುವ ಬೇರೆ ಸಾಫ್ಟ್‌ವೇರೇ ಡಿಪೆಂಡೆನ್ಸಿ; ಅದಿಲ್ಲದೆಯೂ ನಡೆಯುವುದಾದರೆ ಐಚ್ಛಿಕ. ಉದಾಹರಣೆಗೆ ವಿಡಿಯೊ ರಫ್ತಿಗೆ ಎಫ್‌ಎಫ್‌ಎಂಪೆಗ್, ಪಿಡಿಎಫ್ ಪರಿವರ್ತನೆಗೆ ಘೋಸ್ಟ್‌ಸ್ಕ್ರಿಪ್ಟ್. ಇವಿಲ್ಲದೆಯೂ ಪ್ರೋಗ್ರಾಂ ತೆರೆದುಕೊಳ್ಳುತ್ತದೆ, ಒಂದೆರಡು ಮೆನು ಕೆಲಸ ಮಾಡುವುದಿಲ್ಲ ಅಷ್ಟೆ. ಇಂಥವುಗಳಲ್ಲಿ ಪದೇಪದೇ ಕಾಣುವ ಎಡವಟ್ಟೆಂದರೆ, ಇನ್‌ಸ್ಟಾಲ್ ವೇಳೆ ಒಮ್ಮೆ ಹುಡುಕಿ, 'ಇದೆ' ಎಂದು ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದಿಟ್ಟು, ಮುಂದೆಲ್ಲ ಅದನ್ನೇ ನಂಬುವುದು. ಬಳಕೆದಾರರು ನಾಳೆ ಅದನ್ನು ಅಳಿಸಬಹುದು. ಮೊದಲು ಬೇಡವೆಂದವರು ಆಮೇಲೆ ತಾವೇ ಹಾಕಿಕೊಳ್ಳಬಹುದು. ಇದೆಯೋ ಇಲ್ಲವೋ ಎಂದು ನೋಡುವುದು ಪ್ರೋಗ್ರಾಮಿನ ಕೆಲಸ, ಅದೂ ಮೆನು ತೆರೆದಾಗಲೆಲ್ಲ. ಇನ್‌ಸ್ಟಾಲರ್ ಕೇಳಬೇಕು, ಹಾಕಿಕೊಡಬೇಕು, ಸುಮ್ಮನಾಗಬೇಕು.

ಐಚ್ಛಿಕವಾದದ್ದು ಡಿಎಲ್‌ಎಲ್ (ಪ್ರೋಗ್ರಾಂ ಬಳಸುವ ಕೋಡ್ ಇರುವ ಪ್ರತ್ಯೇಕ ಫೈಲ್) ಆಗಿದ್ದರೆ, ಪ್ರೋಗ್ರಾಂ ಶುರುವಾಗುವಾಗಲೇ ಅದನ್ನು ಬೇಡುವ ಸಾಮಾನ್ಯ ಲಿಂಕಿಂಗ್ ಬೇಡ. ಫೈಲ್ ಇಲ್ಲದ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಶುರುವೇ ಆಗುವುದಿಲ್ಲ, ಅಲ್ಲಿಗೆ ಅದು ಐಚ್ಛಿಕವಾಗಿ ಉಳಿಯಲಿಲ್ಲ. ಬೇಕಾದಾಗ ಮಾತ್ರ ಫೈಲನ್ನು ತೆರೆಯುವ ಫಂಕ್ಷನ್‌ಗಳನ್ನು, ವಿಂಡೋಸ್‌ನಲ್ಲಿ ಲೋಡ್‌ಲೈಬ್ರರಿ, ಲಿನಕ್ಸ್‌ನಲ್ಲಿ ಡಿಎಲ್‌ಓಪನ್, ಬಳಸಿ. ಸಿಗದಿದ್ದರೆ ಮೆನುವನ್ನು ಮರೆಮಾಡದೆ ಮಂಕಾಗಿಸಿ, ಪಕ್ಕದಲ್ಲೇ ಕಾರಣ ತೋರಿಸಿ.

ಆಗಲೇ ಇರುವುದನ್ನು ಮತ್ತೆ ಹಾಕಬಾರದೆಂದು ಇನ್‌ಸ್ಟಾಲರ್ ಕೂಡ ಹುಡುಕುತ್ತದೆ. 32 ಬಿಟ್ ಇನ್‌ಸ್ಟಾಲರ್ ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗ್ಸ್ ಸಂಗ್ರಹ) ಓದಿದರೆ 64 ಬಿಟ್ ಪ್ರೋಗ್ರಾಮಿನ ನಮೂದು ಕಾಣದೇ ಹೋಗುತ್ತದೆ, ಏಕೆಂದರೆ ವಿಂಡೋಸ್ ಆ ಓದನ್ನು 32 ಬಿಟ್ ಪ್ರೋಗ್ರಾಮುಗಳಿಗಾಗಿ ಇಟ್ಟ ಬೇರೆ ಭಾಗಕ್ಕೆ ತಿರುಗಿಸಿಬಿಡುತ್ತದೆ. ಇನ್‌ಸ್ಟಾಲರ್ ತಯಾರಿಸುವ ಸಾಧನಗಳಾದ ಎನ್‌ಎಸ್‌ಐಎಸ್‌ನಲ್ಲಿ ಸೆಟ್‌ರೆಗ್‌ವ್ಯೂ 64, ಇನ್ನೊ ಸೆಟಪ್‌ನಲ್ಲಿ ಎಚ್‌ಕೆಎಲ್‌ಎಂ64 ಎಂದು ಸ್ಪಷ್ಟವಾಗಿ ಬರೆಯಿರಿ.

ಹೆಚ್ಚು ತೊಂದರೆ ಕೊಡುವುದು ಎಕ್ಸಿಟ್ ಕೋಡ್, ಅಂದರೆ ಡಿಪೆಂಡೆನ್ಸಿಯ ಇನ್‌ಸ್ಟಾಲರ್ ಮುಗಿದಾಗ ಫಲಿತಾಂಶವಾಗಿ ಕೊಡುವ ಸಂಖ್ಯೆ. ಸೊನ್ನೆ ಬಿಟ್ಟು ಉಳಿದದ್ದೆಲ್ಲ ಸೋಲು ಎಂದು ಬರೆದ ಸ್ಕ್ರಿಪ್ಟ್‌ಗಳು ಎಷ್ಟೋ. 3010 ಎಂದರೆ ಕೆಲಸ ಮುಗಿದಿದೆ, ರೀಸ್ಟಾರ್ಟ್ ಬೇಕು. ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ (ಹಲವು ಪ್ರೋಗ್ರಾಮುಗಳಿಗೆ ಬೇಕಾಗುವ ಮೈಕ್ರೋಸಾಫ್ಟ್ ಲೈಬ್ರರಿಗಳು) 1638 ಕೊಟ್ಟರೆ ಬೇರೆ ಆವೃತ್ತಿ, ಸಾಮಾನ್ಯವಾಗಿ ಹೊಸದೇ, ಆಗಲೇ ಇದೆ, ಮುಂದೆ ಸಾಗಬಹುದು. 1618 ಬಂದರೆ ಇನ್ನೊಂದು ಎಂಎಸ್‌ಐ (ವಿಂಡೋಸ್‌ನ ಇನ್‌ಸ್ಟಾಲ್ ಪ್ಯಾಕೇಜ್) ಓಡುತ್ತಿದೆ, ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಿ. ಒಂದು ಎಂಎಸ್‌ಐ ತನ್ನ ನಡುವೆ ಮತ್ತೊಂದನ್ನು ಓಡಿಸಲು ಹೋದರೂ ಇದೇ ಕೋಡ್. ಆಗ ಎಷ್ಟು ಕಾದರೂ ಬಿಡುಗಡೆಯಿಲ್ಲ, ಎರಡನ್ನೂ ಸರದಿಯಲ್ಲಿ ಓಡಿಸುವ ಬಂಡಲ್ ಬೇಕು. ಇನ್ನೊ ಸೆಟಪ್‌ನಲ್ಲಿ ಬೇರೆ ಪ್ರೋಗ್ರಾಮುಗಳನ್ನು ಓಡಿಸುವ ರನ್ ವಿಭಾಗವಂತೂ ಕೋಡನ್ನು ನೋಡುವುದೇ ಇಲ್ಲ. ಫೈಲುಗಳನ್ನು ಹಾಕುವ ಮೊದಲು ಓಡುವ ಪ್ರಿಪೇರ್‌ಟುಇನ್‌ಸ್ಟಾಲ್ ಫಂಕ್ಷನ್ ಒಳಗೆ ಎಕ್ಸೆಕ್ ಕರೆದು ನೀವೇ ಪರಿಶೀಲಿಸಿ. ಆದರೆ ಆ ಫಂಕ್ಷನ್ ಖಾಲಿಯಲ್ಲದ ಸ್ಟ್ರಿಂಗ್ ಹಿಂತಿರುಗಿಸಿದರೆ ಇಡೀ ಇನ್‌ಸ್ಟಾಲ್ ನಿಲ್ಲುತ್ತದೆ. ಐಚ್ಛಿಕ ಭಾಗ ಸೋತರೆ ಲಾಗ್‌ನಲ್ಲಿ ಬರೆದು ಮುಂದುವರಿಯಿರಿ.

ಪಾತ್ (ಪ್ರೋಗ್ರಾಮುಗಳನ್ನು ಹುಡುಕಬೇಕಾದ ಫೋಲ್ಡರುಗಳ ಪಟ್ಟಿ) ಬದಲಾಯಿಸುವ ಡಿಪೆಂಡೆನ್ಸಿಗಳಲ್ಲಿ ಇನ್ನೊಂದು ಪೇಚಿದೆ. ಕೊನೆಯ ಪುಟದ 'ಈಗಲೇ ತೆರೆಯಿರಿ' ಗುರುತಿನಿಂದ ಶುರುವಾದ ಪ್ರೋಗ್ರಾಂಗೆ ಇನ್‌ಸ್ಟಾಲರ್‌ನ ಹಳೆಯ ಪಾತೇ ಸಿಗುವುದರಿಂದ, ಈಗಷ್ಟೇ ಹಾಕಿದ್ದೂ 'ಇಲ್ಲ' ಎಂದು ಬರುತ್ತದೆ. ಡಿಪೆಂಡೆನ್ಸಿ ಫೈಲ್ ಇರುವ ಪೂರ್ಣ ವಿಳಾಸವನ್ನು ಬಳಕೆದಾರರೇ ಆರಿಸಲು ಸೆಟ್ಟಿಂಗ್ಸ್‌ನಲ್ಲಿ ಒಂದು ಜಾಗ ಕೊಡಿ.

ಲಿನಕ್ಸ್ ಪ್ಯಾಕೇಜಿನಲ್ಲಿ ಇಷ್ಟು ಪಾಡಿಲ್ಲ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ರೆಕಮೆಂಡ್ಸ್ ಎಂದು ಬರೆದದ್ದನ್ನು ಅದರ ಪ್ಯಾಕೇಜ್ ಸಾಧನವಾದ ಆಪ್ಟ್ ತಾನಾಗಿಯೇ ಹಾಕುತ್ತದೆ, ಸಜೆಸ್ಟ್ಸ್ ಎಂದದ್ದನ್ನು ಹಾಕುವುದಿಲ್ಲ. ಹೆಚ್ಚಿನವರಿಗೆ ಬೇಕಾದದ್ದು ಮೊದಲನೆಯದರಲ್ಲಿ, ಅಪರೂಪದ್ದು ಎರಡನೆಯದರಲ್ಲಿ.

ಅನ್‌ಇನ್‌ಸ್ಟಾಲ್ ಮಾಡುವಾಗ ಘೋಸ್ಟ್‌ಸ್ಕ್ರಿಪ್ಟ್‌ನಂಥವನ್ನು ಮುಟ್ಟಬೇಡಿ, ಬೇರೆ ಪ್ರೋಗ್ರಾಮುಗಳೂ ಅದನ್ನು ಬಳಸುತ್ತಿರಬಹುದು. ನಿಮ್ಮದೇ ಫೋಲ್ಡರಿನೊಳಗೆ ಇಟ್ಟ ಪ್ರತಿಯನ್ನಷ್ಟೇ ಅಳಿಸಿ.