ಪಿ0171 ಮತ್ತು ಒಂದು ಸೀಳಿದ ಪೈಪು

ಮೂರು ವಾರಗಳಿಂದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿದ್ದ ಚೆಕ್ ಎಂಜಿನ್ ದೀಪ ಇಂದು ಆರಿತು. ಸ್ಕ್ಯಾನರ್ ತೋರಿಸಿದ ಕೋಡ್ ಪಿ0171, ಅಂದರೆ ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಗ್ಯಾರೇಜಿನವರು ಕೋಡ್ ಓದಿದ ಕೂಡಲೇ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಭಾಗ) ಬದಲಿಸಬೇಕೆಂದರು. ಆದರೆ ಸೆನ್ಸರ್ ಕೆಟ್ಟಿದೆಯೆಂದು ಆ ಕೋಡ್ ಎಲ್ಲಿಯೂ ಹೇಳುವುದಿಲ್ಲ. (ಜ್ವರ ತೋರಿಸಿತೆಂದು ಥರ್ಮಾಮೀಟರ್ ಬದಲಿಸುವವರು ಕಡಿಮೆಯೇನಿಲ್ಲ, ನಾನೂ ಒಮ್ಮೆ ಹಾಗೆ ಮಾಡಿ ದುಡ್ಡು ಕಳೆದುಕೊಂಡಿದ್ದೇನೆ.)

ಆದ್ದರಿಂದ ಮೊದಲು ಫ್ಯುಯಲ್ ಟ್ರಿಮ್ ನೋಡಿದೆ, ಅಂದರೆ ಮಿಶ್ರಣ ಸರಿದೂಗಿಸಲು ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ. ಐಡ್ಲಿಂಗ್‌ನಲ್ಲಿ ಶೇ. 24ರಷ್ಟು ಹೆಚ್ಚುವರಿ ಪೆಟ್ರೋಲ್ ಕೊಡುತ್ತಿದ್ದ ಕಂಪ್ಯೂಟರ್, ಎಂಜಿನ್ 2500 ಆರ್‌ಪಿಎಂಗೆ ಏರಿದಾಗ ಅದನ್ನು ಶೇ. 5ಕ್ಕೆ ಇಳಿಸಿತು. ಇದು ಗಾಳಿ ಸೋರಿಕೆಯ ಗುರುತು: ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ದಾಟಿದ ಮೇಲೆ ಲೆಕ್ಕಕ್ಕೆ ಸಿಗದೆ ನುಸುಳುವ ಗಾಳಿ, ಥ್ರಾಟಲ್ (ಗಾಳಿ ಒಳಬಿಡುವ ಕವಾಟ) ಮುಚ್ಚಿ ಒಳಗೆ ನಿರ್ವಾತ ಬಲವಾಗಿರುವಾಗ ದೊಡ್ಡ ಪಾಲಾಗಿ ಕಾಣುತ್ತದೆ. ಎಂಜಿನ್ ಹೆಚ್ಚು ಗಾಳಿ ಎಳೆಯತೊಡಗಿದಾಗ ಅದೇ ಸೋರಿಕೆ ನಗಣ್ಯವಾಗುತ್ತದೆ. ಪೆಟ್ರೋಲ್ ಪಂಪ್ ಸೋತಿದ್ದರೆ ಅಂಕಿಗಳು ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗಾಗಿರುತ್ತವೆ.

ಬಾನೆಟ್ ಎತ್ತಿ, ಎಂಜಿನ್ನಿನೊಳಗೆ ಸೇರುವ ಅನಿಲವನ್ನು ಮತ್ತೆ ಗಾಳಿಯ ದಾರಿಗೆ ಕಳಿಸುವ ಪಿಸಿವಿ ವಾಲ್ವಿನ ರಬ್ಬರ್ ಪೈಪನ್ನು ಮೆಲ್ಲಗೆ ಬಾಗಿಸಿದಾಗ, ಅದು ಮೊಣಕೈಯಂತೆ ತಿರುಗುವ ಜಾಗದ ಕೆಳಮಗ್ಗುಲಲ್ಲಿ ಉಗುರಿನಷ್ಟುದ್ದದ ಸೀಳು ಬಾಯಿಬಿಟ್ಟಿತು. ಬೆರಳಿನಿಂದ ಮುಚ್ಚಿದೊಡನೆ ತೊದಲುತ್ತಿದ್ದ ಎಂಜಿನ್ನಿನ ಸದ್ದು ಸಮವಾಯಿತು. ಒಂದು ಹೊಸ ಪೈಪು, ಎರಡು ಕ್ಲಿಪ್ಪುಗಳು, ಅಷ್ಟೇ. ಕೋಡ್ ಅಳಿಸಿ 40 ಕಿಲೋಮೀಟರ್ ಓಡಿಸಿದ ಮೇಲೆ ಟ್ರಿಮ್ ಶೇ. 3ರ ಆಸುಪಾಸಿನಲ್ಲಿ ನಿಂತಿದೆ. ಹಳೆಯ ಪೈಪನ್ನು ಗ್ಯಾರೇಜಿನವರಿಗೆ ತೋರಿಸಲೆಂದು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ.