ಚರೋನ್ ಕ್ರುಂಗ್ ರಸ್ತೆ ನಡಿಗೆ: ತಾಕ್ಸಿನ್ ಸೇತುವೆ ತನಕ ಬಂತು

ಬ್ಯಾಂಕಾಕಿನ ಚರೋನ್ ಕ್ರುಂಗ್ ರಸ್ತೆಯನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ತುಂಡು ತುಂಡಾಗಿ ನಡೆದು ಮುಗಿಸಬೇಕು ಅಂತ ಹಿಡಿದ ಕೆಲಸ ಅರ್ಧ ದಾಟಿದೆ. ಅರಮನೆ ಕಡೆಯಿಂದ ಹೊರಟು ಈಗ ತಾಕ್ಸಿನ್ ಸೇತುವೆ ಮುಟ್ಟಿದ್ದೇನೆ. ಈ ಊರಲ್ಲಿ ಯಾರಾದ್ರೂ ನಡೀತಾರಾ ಅಂತ ನಗುವವರು ಇದ್ದಾರೆ. ನಗಲಿ ಬಿಡಿ.

ಈ ರಸ್ತೆಯೇ ಯಾಕೆ? ಮೊದಲು ಇಲ್ಲಿ ಓಡಾಟವೆಲ್ಲ ಬಹುಪಾಲು ಕಾಲುವೆ, ದೋಣಿಗಳಲ್ಲೇ ಇತ್ತು. ಕುದುರೆ ಗಾಡಿಯಲ್ಲಿ ಹೋಗೋಕೆ ಒಂದು ಸರಿಯಾದ ದಾರಿ ಇಲ್ಲ ಅಂತ ಯುರೋಪಿನ ಕಾನ್ಸಲ್‌ಗಳು ರಾಜ ಮೊಂಗ್‌ಕುಟ್‌ಗೆ ದೂರು ಕೊಟ್ಟರು. 1862ರಲ್ಲಿ ಕೆಲಸ ಶುರುವಾಗಿ 1864ಕ್ಕೆ ರಸ್ತೆ ಸಿದ್ಧವಾಯ್ತು. ಹೊರಗಿನವರು ಕೇಳಿ ಮಾಡಿಸಿಕೊಂಡ ರಸ್ತೆ. ನಡೀತಾ ಹೋದಂತೆ ಸಿಗುವುದೂ ಹೊರಗಿಂದ ಬಂದವರ ಕೇರಿಗಳೇ. ಚೀನಿಯರು, ಸಿಖ್ಖರು, ಪೋರ್ಚುಗೀಸರು, ಮುಸ್ಲಿಮರು, ತಮಿಳರು, ಎಲ್ಲರ ಗುರುತೂ ಇಲ್ಲಿದೆ.

ಮೊದಲ ತುಂಡಿನಲ್ಲೇ ದಾರಿ ಬಿಟ್ಟು ನದಿ ಕಡೆಯ ಪಾಕ್ ಖ್ಲೋಂಗ್ ತಲಾತ್ ಹೂವಿನ ಮಾರುಕಟ್ಟೆಗೆ ಹೋದೆ. ಬೆಳಗ್ಗಿನ ಅರ್ಧ ಹೊತ್ತು ಅಲ್ಲೇ ಕಳೆಯಿತು. ಚೆಂಡುಹೂವಿನ ಮೂಟೆಗಳು ನಮ್ಮ ಕೆ.ಆರ್. ಮಾರ್ಕೆಟ್ಟಿನ ಹಾಗೇ. ಆದರೆ ಮಾಲೆ ಮಾಡುವ ಕೈ ಬೇರೆ. ನಾವು ಬಾಳೆನಾರಿನಲ್ಲಿ ಕಟ್ಟುತ್ತೇವೆ, ಇವರು ಪೋಣಿಸುತ್ತಾರೆ. ಒಬ್ಬಾಕೆ ಉದ್ದನೆಯ ಸೂಜಿ ಹಿಡಿದು ಮಲ್ಲಿಗೆ ಮೊಗ್ಗುಗಳನ್ನು ಅಡ್ಡಡ್ಡವಾಗಿ ಚುಚ್ಚುತ್ತಾ, ಸೂಜಿಯನ್ನು ಚೂರುಚೂರೇ ತಿರುಗಿಸುತ್ತಾ ಹೋದಳು. ಮೊಗ್ಗಿನ ತುದಿಗಳೆಲ್ಲ ಸುತ್ತಲೂ ಒತ್ತಾಗಿ ನಿಂತವು. ಆಮೇಲೆ ಇಡೀ ಸಾಲನ್ನು ಒಂದೇ ಸಲ ದಾರಕ್ಕೆ ಜಾರಿಸಿದಳು. ತುದಿಯ ಕುಚ್ಚಿಗೆ ಏನು ಗೊತ್ತಾ? ಎಕ್ಕದ ಹೂವು! ಊರಲ್ಲಿ ಬೇಲಿ ಪಕ್ಕ ಬೆಳೆಯುವ ಎಕ್ಕ ಇಲ್ಲಿ ಬುದ್ಧನಿಗೂ ಹೋಗುತ್ತೆ, ಟ್ಯಾಕ್ಸಿಯ ಕನ್ನಡಿಗೂ ನೇತಾಡುತ್ತೆ.

ಪಕ್ಕದ ಫಾಹುರಾತ್‌ನಲ್ಲಿ ಬಟ್ಟೆ ಅಂಗಡಿಗಳು, ಬಂಗಾರದ ಬಣ್ಣದ ಗುಮ್ಮಟದ ಗುರುದ್ವಾರ. ಅದರಾಚೆ ಚೈನಾಟೌನ್. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೇಗ ದಾಟಿಬಿಟ್ಟೆ. ವಾಟ್ ತ್ರೈಮಿತ್‌ನ ಚಿನ್ನದ ಬುದ್ಧನನ್ನು ಮಾತ್ರ ನೋಡಿದೆ. ಸುಮಾರು 5.5 ಟನ್ ತೂಕ. ಗಾರೆ ಬಳಿದಿದ್ದರಿಂದ ಚಿನ್ನ ಅಂತ ಯಾರಿಗೂ ಗೊತ್ತೇ ಇರಲಿಲ್ಲ. 1955ರಲ್ಲಿ ಮೂರ್ತಿಯನ್ನು ಸಾಗಿಸುವಾಗ ಗಾರೆ ಒಡೆದು ಒಳಗಿನದು ಕಂಡಿತಂತೆ.

ನನಗೆ ಜಾಸ್ತಿ ಹಿಡಿಸಿದ್ದು ತಲಾತ್ ನೋಯ್. ಹಳೇ ಗಾಡಿಗಳ ಬಿಡಿಭಾಗ ಮಾರುವ ಕೇರಿ. ಗೇರುಗಳು, ಆಕ್ಸಲ್‌ಗಳು, ಬಿಚ್ಚಿದ ಇಂಜಿನ್‌ಗಳು ಬಾಗಿಲಿಂದ ಆಚೆ ರಾಶಿ ಬಿದ್ದಿರುತ್ತವೆ. ನೆಲವೆಲ್ಲ ಗ್ರೀಸ್, ಜಾರುತ್ತೆ, ಚಪ್ಪಲಿಯಲ್ಲಿ ಹೋಗಬೇಡಿ. ಈಗ ಆ ರಾಶಿಗಳ ನಡುವೆಯೇ ಕಾಫಿ ಅಂಗಡಿಗಳು ಎದ್ದಿವೆ. ಬೋಲ್ಟ್ ಬಿಚ್ಚುತ್ತಾ ಕೂತ ಅಜ್ಜ ಫೋಟೋ ತೆಗೆಯುವ ಹುಡುಗ-ಹುಡುಗಿಯರನ್ನು ತಲೆ ಎತ್ತಿಯೂ ನೋಡುವುದಿಲ್ಲ.

ನಡೆಯುವವರಿಗೆ ಒಂದು ಉಪಾಯ. ಇಲ್ಲಿನ ಗಲ್ಲಿಗೆ ಸೋಯ್ ಅನ್ನುತ್ತಾರೆ. ಒಂದು ಬದಿಗೆ ಬೆಸ ಸಂಖ್ಯೆ, ಎದುರು ಬದಿಗೆ ಸಮ ಸಂಖ್ಯೆ. ಈ ರಸ್ತೆಯಲ್ಲಿ ಸಮ ಸಂಖ್ಯೆಯವು ನದಿ ಕಡೆಗಿವೆ. ಹಾಗಾಗಿ ಮೊಬೈಲ್ ತೆಗೆಯದೆಯೂ ದಿಕ್ಕು ತಿಳಿಯುತ್ತೆ. ಫುಟ್‌ಪಾತನ್ನು ಮಾತ್ರ ನಂಬಬೇಡಿ. ಕರೆಂಟ್ ಕಂಬ, ನೂಡಲ್ ಗಾಡಿ, ಹಿಂದಿನಿಂದ ಬರುವ ಬೈಕು, ಎಲ್ಲಕ್ಕೂ ಅದೇ ಜಾಗ. ನಾನು ಬೆಳಕು ಹರಿಯುತ್ತಲೇ ಹೊರಟು ಹತ್ತು ಗಂಟೆಗೆ ನಿಲ್ಲಿಸಿಬಿಡುತ್ತೇನೆ. ಆಮೇಲೆ ಸೆಕೆ ತಡೆಯೋಕಾಗಲ್ಲ.

ಬಾಂಗ್ ರಾಕ್ ಭಾಗ ಮೊನ್ನೆ ಮುಗಿಯಿತು. 1940ರ ದೊಡ್ಡ ಅಂಚೆ ಕಟ್ಟಡದ ಮೇಲಿನ ಮೂಲೆಗಳಲ್ಲಿ ರೆಕ್ಕೆ ಹರಡಿದ ಗರುಡರು. ಗರುಡ ಇಲ್ಲಿ ರಾಜಲಾಂಛನ. ಸೋಯ್ 36ರಲ್ಲಿ ಹರೂನ್ ಮಸೀದಿ, ಹಳೇ ಸುಂಕದ ಕಟ್ಟೆ. ಸೋಯ್ 40ರಲ್ಲಿ ಕೆಂಪು ಇಟ್ಟಿಗೆಯ ಕ್ಯಾಥೆಡ್ರಲ್. ಸೀಲೋಮ್ ರಸ್ತೆಗೆ ತಿರುಗಿ ಸ್ವಲ್ಪ ನಡೆದರೆ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ ಸಿಗುತ್ತೆ. ಒಳಗೆ ಹೋದಾಗ ಕೈಮುಗಿದು ನಿಂತವರಲ್ಲಿ ಥಾಯ್ ಜನರೇ ಹೆಚ್ಚು. ತೆಂಗಿನಕಾಯಿ, ಬಾಳೆಹಣ್ಣು, ಮಾಲೆ ಇಟ್ಟ ತಟ್ಟೆ ಹಿಡಿದು ಸಾಲಿನಲ್ಲಿದ್ದರು. ನಮ್ಮ ಮಾರಮ್ಮನಿಗೆ ಇಲ್ಲಿ ಒಳ್ಳೇ ನಡೆಯುತ್ತೆ ಅನ್ನಿಸಿತು!

ಉಳಿದದ್ದು ದಕ್ಷಿಣದ ತುಂಡು. ನದಿ ದಂಡೆಯಲ್ಲಿ ಹಳೇ ಪ್ರಾಟೆಸ್ಟೆಂಟ್ ಸ್ಮಶಾನವಿದೆ, ಅದನ್ನು ನೋಡಬೇಕು. ಡೇನಿಶರ ಈಸ್ಟ್ ಏಷಿಯಾಟಿಕ್ ಕಂಪನಿಯ ಹಳೇ ಹಡಗುಕಟ್ಟೆ ಈಗ ಏಷಿಯಾಟಿಕ್ ಅನ್ನೋ ಸಂಜೆ ಮಾರುಕಟ್ಟೆಯಾಗಿದೆ. ಅದಕ್ಕೋಸ್ಕರ ಈ ಸಲ ಬೆಳಗಿನ ಬದಲು ನಾಲ್ಕು ಗಂಟೆಗೆ ಹೊರಡುವ ಲೆಕ್ಕ. ಮಳೆಗಾಲದ ಸಂಜೆ ಆದ್ದರಿಂದ ಕೊಡೆ ಬೇಕೇ ಬೇಕು. ಜೊತೆಗೆ ಯಾರಾದರೂ ಬರೋದಾದರೆ ತಾಕ್ಸಿನ್ ಸೇತುವೆಯ ರೈಲು ನಿಲ್ದಾಣದ ಕೆಳಗೆ ಸಿಗೋಣ.